ಬೀಟೆ ಮರದ ಕೂಲಿಂಗ್ ಗ್ಲಾಸ್

ನನ್ನ ಕಸುಬು ಮರದ್ದು. ಪೀಣ್ಯ ಎರಡನೇ ಹಂತದಲ್ಲಿ ಶೆಡ್ಡೊಂದರ ಅರ್ಧ ಭಾಗ ಬಾಡಿಗೆಗೆ ಹಿಡಿದು ಫೌಂಡ್ರಿಗಳಿಗೆ ಪ್ಯಾಟರ್ನ್ ಮಾಡಿಕೊಡುತ್ತೇನೆ. ಪಂಪಿನ ಕವಚವನ್ನೋ ಗೇರ್ ಬಾಕ್ಸಿನ ಮುಚ್ಚಳವನ್ನೋ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು. ಆ ಮರದ ಅಚ್ಚೇ ಪ್ಯಾಟರ್ನ್. ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಯೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಕಬ್ಬಿಣ ಆರುವಾಗ ಕುಗ್ಗುತ್ತದೆ. ಅದಕ್ಕಾಗಿ ನಮ್ಮ ಸ್ಕೇಲೇ ಬೇರೆ. ಅದರ ಒಂದು ಇಂಚು ಲೋಕದ ಒಂದು ಇಂಚಿಗಿಂತ ಕೂದಲೆಳೆಯಷ್ಟು ದೊಡ್ಡದು. ಕಣ್ಣಿಗೆ ಕಾಣದ್ದಕ್ಕೂ ಮೊದಲೇ ಜಾಗ ಬಿಟ್ಟು ಕೆಲಸ ಮಾಡುವವರು ನಾವು. ಇಪ್ಪತ್ತೈದು ವರ್ಷ ಇದನ್ನೇ ಮಾಡಿದ ಮೇಲೆ, ಮರದ ವಿಷಯದಲ್ಲಿ ನನಗೆ ಇನ್ನೊಬ್ಬರು ಹೇಳಿಕೊಡುವುದೇನೂ ಉಳಿದಿಲ್ಲ ಎಂಬ ಜಂಬ ಬಂದಿತ್ತು. ಆ ಜಂಬಕ್ಕೆ ನನ್ನ ಮಗಳ ಕಣ್ಣು ಬೆಲೆ ತೆತ್ತಿತು.

ಮಗಳಿಗೆ ಆಗ ಎಂಟು ವರ್ಷ. ಮದುವೆಯಾಗಿ ಬಹಳ ಕಾಲದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಆರನೇ ವಯಸ್ಸಿನಿಂದ ಬೇಸಿಗೆ ಬಂತೆಂದರೆ ಅವಳ ಕಣ್ಣು ಕೆಂಪಾಗಿ, ತುರಿಕೆ ಹತ್ತಿ, ಬೆಳಿಗ್ಗೆ ಏಳುವ ಹೊತ್ತಿಗೆ ರೆಪ್ಪೆ ಅಂಟಿಕೊಂಡಿರುತ್ತಿತ್ತು. ಪೀಣ್ಯದ ದೂಳು ಎಲ್ಲರ ಕಣ್ಣಿಗೂ ಬೀಳುತ್ತದೆ, ಇದೇನು ಮಹಾ ಎಂದು ನಾನು ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಹಾಕಿಸುತ್ತಾ ಬಂದೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ನನ್ನ ಹೆಂಡತಿ ಒಂದು ದಿನ ರಜೆ ಹಾಕಿ, ನನ್ನನ್ನೂ ಎಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಮಗಳ ಮೇಲಿನ ರೆಪ್ಪೆಯನ್ನು ತಿರುಗಿಸಿ ನಮಗೆ ತೋರಿಸಿದರು. ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ. "ಇದು ಅಲರ್ಜಿ. ದೊಡ್ಡವಳಾಗ್ತಾ ಕಡಿಮೆ ಆಗತ್ತೆ. ಅಲ್ಲೀವರೆಗೂ ಕಾಪಾಡ್ಕೋಬೇಕು. ಈ ಗುಳ್ಳೆಗಳು ಉಜ್ಜಿ ಉಜ್ಜಿ ಕರಿಗುಡ್ಡೆ ಮೇಲೆ ಗಾಯ ಆದ್ರೆ ದೃಷ್ಟಿಗೇ ಕುತ್ತು. ಬಿಸಿಲು, ದೂಳು ಎರಡೂ ತಾಗಬಾರ್ದು. ಒಳ್ಳೇ ಕನ್ನಡಕ ಕೊಡಿಸಿ, ಬಿಸಿಲಿನ ಯುವಿ ಕಿರಣ ತಡೆಯೋದು, ಸೈಡೆಲ್ಲಾ ಮುಚ್ಚೋದು. ಮೂರು ತಿಂಗಳಿಗೆ ಮತ್ತೆ ಬನ್ನಿ," ಎಂದರು. ಇಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಕೂಲಿಂಗ್ ಗ್ಲಾಸ್ ಎಂಬ ಒಂದೇ ಸಂಗತಿ. ಅವರು ಆ ಪದವನ್ನು ಹೇಳಿರಲೂ ಇಲ್ಲ.

ಮೊದಲು ಮನೆ ಹತ್ತಿರದ ಅಂಗಡಿಯಲ್ಲಿ ತಂತಿ ಫ್ರೇಮಿನದೊಂದನ್ನು ಕೊಡಿಸಿದೆವು. ನಾಲ್ಕೇ ದಿನದಲ್ಲಿ ಕಿವಿಯ ಹಿಂದೆ, ಮೂಗಿನ ಮೇಲೆ ಚರ್ಮ ಕೆಂಪಗೆ ಎದ್ದಿತು. ಅವಳಿಗೆ ಆ ಲೋಹವೂ ಆಗುವುದಿಲ್ಲ ಎಂದಾಯಿತು. ಆಗ ನನಗೆ ಮರ ಹೊಳೆಯಿತು. ಮಕ್ಕಳಿಗೆ ಮರದ ಫ್ರೇಮಿನ ಕೂಲಿಂಗ್ ಗ್ಲಾಸ್ ಬರುತ್ತದೆ ಎಂದು ಎಲ್ಲೋ ಕೇಳಿದ್ದೆ. ಮರ ನನ್ನ ಕುಟುಂಬಕ್ಕೆ ಯಾವತ್ತೂ ಕೆಟ್ಟದ್ದು ಮಾಡಿಲ್ಲ ಎಂದು ಹೆಂಡತಿಯ ಮುಂದೆ ದೊಡ್ಡದಾಗಿ ಹೇಳಿದೆ.

ಅದು ಸಿಕ್ಕಿದ್ದು ಊರಿನ ಇನ್ನೊಂದು ತುದಿಯ ಹೂಡಿಯಲ್ಲಿ. ಪ್ಯಾಟರ್ನ್ ಕೆಲಸ ಕಡಿಮೆ ಇದ್ದಾಗ ನಾನು ದೇವರ ಮಂಟಪಗಳನ್ನೂ ಮಾಡುತ್ತೇನೆ. ಅಲ್ಲಿನ ಅಪಾರ್ಟ್‌ಮೆಂಟಿನಲ್ಲಿರುವ ದಾವಣಗೆರೆ ಕಡೆಯ ಕುಟುಂಬವೊಂದಕ್ಕೆ ಮಂಟಪ ಜೋಡಿಸಿಕೊಡಲು ಒಂದು ಭಾನುವಾರ ಮೆಟ್ರೋದಲ್ಲಿ ಹೋಗಿದ್ದೆ. ಮಗಳೂ ಜೊತೆಗಿದ್ದಳು. ಕೆಲಸ ಮುಗಿಸಿ ಕೆಳಗಿಳಿದರೆ ಕ್ಲಬ್ ಹೌಸಿನ ಮುಂದೆ ಸಂತೆ ನಡೆದಿತ್ತು. ಸಂತೆ ಎಂದು ಬೋರ್ಡು ಹಾಕಿದ್ದರೇ ಹೊರತು ಸೊಪ್ಪು ತರಕಾರಿ ಒಂದೂ ಇರಲಿಲ್ಲ; ಸೋಪು, ಮೇಣದಬತ್ತಿ, ರಾಗಿ ಬಿಸ್ಕತ್ತು. ಕೊನೆಯ ಮೇಜಿನ ಮೇಲೆ ಮರದ ಫ್ರೇಮಿನ ಕನ್ನಡಕಗಳನ್ನು ಸಾಲಾಗಿ ಇಟ್ಟುಕೊಂಡು ಒಬ್ಬ ಹುಡುಗಿ ಕೂತಿದ್ದಳು.

ಮಕ್ಕಳ ಅಳತೆಯವು ಎರಡು ಬಗೆ ಇದ್ದವು. ಒಂದು ಬಿದಿರಿನ ಪದರ ಅಂಟಿಸಿ ಮಾಡಿದ್ದು. ಗಾಜು ತೆಳು ಕಂದು ಬಣ್ಣ, ಪಕ್ಕಕ್ಕೆ ಬಾಗಿದ ಅಗಲದ ಕಡ್ಡಿ. ಫಿನಿಶಿಂಗ್ ನೋಡಿದರೆ ನನಗೆ ಮುಖ ಕಿವುಚುವಂತಾಯಿತು, ಒಂದು ಮೂಲೆಯಲ್ಲಿ ಗಮ್ ಕಾಣುತ್ತಿತ್ತು. ಇನ್ನೊಂದು ಬೀಟೆ. ಅಪ್ಪಟ ಬೀಟೆ, ಬಣ್ಣ ಬಳಿದದ್ದಲ್ಲ. ಉಗುರಿನಲ್ಲಿ ಗೀಚಿ ನೋಡಿದೆ, ಮೂಸಿ ನೋಡಿದೆ. ಮೂಗಿನ ಮೇಲೆ ಕೂರುವ ಸೇತುವೆಯಲ್ಲಿ ಮರದ ಎಳೆ ಅಡ್ಡಕ್ಕೆ ಹೋಗುವಂತೆ ಕುಯ್ದಿದ್ದರು. ಅಲ್ಲಿ ಎಳೆ ಮೇಲೆ ಕೆಳಗೆ ಇದ್ದರೆ ಒಂದೇ ಏಟಿಗೆ ಮುರಿಯುತ್ತದೆ. ಮಾಡಿದವನು ಕಸುಬು ಬಲ್ಲವನು. ಗಾಜು ಕಪ್ಪೆಂದರೆ ಕಪ್ಪು.

"ಸಾರ್, ಮಗೂಗೆ ಆದ್ರೆ ಬಿದಿರಿಂದು ತಗೊಳ್ಳಿ," ಎಂದಳು ಹುಡುಗಿ. "ಅದ್ರ ಲೆನ್ಸ್ ಟೆಸ್ಟ್ ಆಗಿದೆ, ಯುವಿ ಫೋರ್ ಹಂಡ್ರೆಡ್. ಈ ಕಪ್ಪಿಂದು ಬೇರೆಯವ್ರ ಹತ್ರ ತಂದಿದ್ದು, ಸ್ಟೈಲಿಗೆ ಅಂತ ಇಟ್ಟಿದೀನಿ ಅಷ್ಟೆ."

"ಅಮ್ಮಾ, ಇದು ಬೀಟೆ. ಅದು ಚೂರು ಅಂಟಿಸಿರೋದು. ಒಂದ್ ಮಳೆಗಾಲಕ್ಕೆ ಬಾಯ್ ಬಿಡತ್ತೆ," ಎಂದೆ.

"ಮರ ಸರಿ ಸಾರ್, ನಾನು ಹೇಳ್ತಿರೋದು ಲೆನ್ಸ್ ವಿಷ್ಯ."

ನಾನು ಅವಳಿಗೆ ಎಳೆಯ ಬಗ್ಗೆ ಪಾಠ ಶುರು ಮಾಡಿದೆ. ಪಾಪ, ಹತ್ತು ನಿಮಿಷ ಕೇಳಿದಳು. ಮಗಳು ಅಷ್ಟರಲ್ಲಿ ಬಿದಿರಿನದನ್ನು ಹಾಕಿಕೊಂಡು ಬಿಸಿಲಿಗೆ ಹೋಗಿ ಮೇಲೆ ನೋಡುತ್ತಾ ನಿಂತಿದ್ದಳು. ಅದನ್ನು ತೆಗೆಸಿ ಬೀಟೆಯದನ್ನು ಹಾಕಿಸಿ ಕರೆದುಕೊಂಡು ಬಂದೆ. ಮಾರನೇ ದಿನ ಪಕ್ಕದ ಶೆಡ್ಡಿನ ವೆಲ್ಡರ್ ಅದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು, "ಒಳ್ಳೇ ಕಪ್ಪಿದೆ ಗುರು, ಕಪ್ಪಿದ್ದಷ್ಟೂ ಕಣ್ಣಿಗೆ ಸೇಫು," ಎಂದ. ಪೀಣ್ಯದಲ್ಲಿ ನಾವೆಲ್ಲ ಕಲಿತ ಕಣ್ಣಿನ ಶಾಸ್ತ್ರ ಅದೊಂದೇ. ವೆಲ್ಡಿಂಗ್ ಗ್ಲಾಸ್ ಕಪ್ಪಗಿರುತ್ತದೆ, ಆದ್ದರಿಂದ ಕಪ್ಪು ಗ್ಲಾಸು ಕಾಪಾಡುತ್ತದೆ. ನಾನೂ ತಲೆಯಾಡಿಸಿದೆ.

ಶಾಲೆ ಶುರುವಾಗಿ ಒಂದು ತಿಂಗಳಾಗಿರಬಹುದು. ಮಗಳು ಊಟ ಮಾಡುತ್ತಾ, "ಅಪ್ಪ, ಅದು ಹಾಕ್ಕೊಂಡ್ರೆ ಕಣ್ಣು ಜಾಸ್ತಿ ಉರಿಯತ್ತೆ," ಎಂದಳು. ಹೊಸದು, ರೂಢಿಯಾಗುತ್ತದೆ ಎಂದೆ. ಹೊಸ ಚಪ್ಪಲಿಯೂ ಕಚ್ಚುತ್ತದಲ್ಲ ಎಂದೂ ಸೇರಿಸಿದೆ.

ಎರಡನೇ ಸಲ ನಾನು ಸಿಟ್ಟಾದೆ. ಒಂದು ಸಂಜೆ ಶಾಲೆಯಿಂದ ಕನ್ನಡಕವನ್ನು ಬ್ಯಾಗಿನೊಳಗೆ ತುರುಕಿಕೊಂಡು ಬಂದಿದ್ದಳು. ಜ್ಯಾಮಿಟ್ರಿ ಬಾಕ್ಸಿನ ಏಟಿಗೆ ಫ್ರೇಮಿನ ಮೇಲೆ ಗೀರು ಬಿದ್ದಿತ್ತು. ಅವಳ ಕಣ್ಣು ಹೇಗಿತ್ತು ಎಂಬುದಕ್ಕಿಂತ ಮೊದಲು ನಾನು ನೋಡಿದ್ದು ಆ ಗೀರನ್ನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

"ಎಂಥಾ ಮರ ಅಂತ ಗೊತ್ತೇನೇ ನಿಂಗೆ? ಹಿಂಗಾ ಇಟ್ಕೊಳ್ಳೋದು?"

"ಉರಿಯತ್ತಪ್ಪ. ಮೆಟ್ಲೂ ಸರಿಯಾಗಿ ಕಾಣಲ್ಲ. ಅದಕ್ಕೇ ತೆಗ್ದೆ."

"ಉರಿಯೋದು ನೀನು ಉಜ್ಜೋದ್ರಿಂದ. ಇನ್ನೊಂದ್ಸಲ ತೆಗೆದ್ರೆ ನೋಡು."

ಹೆಂಡತಿ ಒಳಗಿನಿಂದ, "ರೀ, ಮಗು ಏನೋ ಹೇಳ್ತಿದೆ, ಸ್ವಲ್ಪ ಕಿವಿಗೆ ಹಾಕ್ಕೊಳ್ಳಿ," ಎಂದಳು. ನಾನು ಹಾಕಿಕೊಳ್ಳಲಿಲ್ಲ. ನನ್ನ ಗಂಟಲು ಸ್ವಲ್ಪ ದೊಡ್ಡದು; ಲೇತ್, ಗ್ರೈಂಡರುಗಳ ನಡುವೆ ಮಾತಾಡಿ ಬೆಳೆದದ್ದು. ಮನೆಯಲ್ಲಿ ಅದು ಇನ್ನೂ ದೊಡ್ಡದಾಗಿ ಕೇಳುತ್ತದೆ. ಅವತ್ತಿನಿಂದ ಮಗಳು ಕನ್ನಡಕ ತೆಗೆಯಲಿಲ್ಲ, ಉರಿ ಎಂದೂ ಅನ್ನಲಿಲ್ಲ. ಸಮಸ್ಯೆ ಬಗೆಹರಿಯಿತು ಎಂದುಕೊಂಡೆ. ಮೂರು ತಿಂಗಳಿಗೆ ಬನ್ನಿ ಎಂದ ಡಾಕ್ಟರ ಮಾತನ್ನೂ, ಕನ್ನಡಕ ಇದೆಯಲ್ಲ ಎಂದು ಮುಂದಕ್ಕೆ ಹಾಕಿದೆ.

ಆಯುಧಪೂಜೆ ಬಂತು. ನಮ್ಮ ಕಡೆ ಅದು ದೊಡ್ಡ ಹಬ್ಬ. ಶೆಡ್ ತೊಳೆದು, ಮಿಷಿನ್ನುಗಳಿಗೆ ಬಾಳೆಕಂದು ಕಟ್ಟಿ, ಉಳಿ, ಗರಗಸ, ಸ್ಕೇಲುಗಳನ್ನೆಲ್ಲ ಒಂದು ಹಲಗೆಯ ಮೇಲೆ ಜೋಡಿಸಿ ಕುಂಕುಮ ಇಡುತ್ತೇವೆ. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಅದಕ್ಕೂ ಒಂದು ದಿನದ ವಿಶ್ರಾಂತಿ. ಮಾರನೇ ದಿನ ವಿಜಯದಶಮಿಗೆ ತೆಗೆದರೆ ಆಯಿತು. ಮಗಳು ಬೆಳಿಗ್ಗೆಯಿಂದ ನನ್ನ ಹಿಂದೆಯೇ ಓಡಾಡಿಕೊಂಡಿದ್ದಳು. ಉಳಿಗಳನ್ನು ಅಳತೆ ಪ್ರಕಾರ ಜೋಡಿಸಿದ್ದೂ ಅವಳೇ. ಮಂಗಳಾರತಿ ಹೊತ್ತಿಗೆ ನೋಡಿದರೆ ಮುಕ್ಕಾಲು ಇಂಚಿನ ಉಳಿಗೂ ಅರ್ಧ ಇಂಚಿನ ಉಳಿಗೂ ನಡುವೆ ಅವಳ ಕನ್ನಡಕ ಮಡಿಸಿ ಕೂತಿತ್ತು. ಎರಡೂ ಗಾಜಿನ ಮೇಲೆ ಒಂದೊಂದು ಕುಂಕುಮದ ಬೊಟ್ಟು.

"ಇದ್ಯಾಕಮ್ಮಾ ಇಲ್ಲಿ?"

"ಇದೂ ಆಯುಧ ಅಲ್ವಾ ಅಪ್ಪ? ಇವತ್ತು ಮುಟ್ಬಾರ್ದು ತಾನೆ?"

ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಕಡ್ಲೆಪುರಿ ಹಂಚುತ್ತಾ ಬಂದವರಿಗೆಲ್ಲ ಹೇಳಿದೆ, ನೋಡಿ, ಕಸುಬಿನವನ ಮಗಳು, ಆಯುಧದ ಬೆಲೆ ಗೊತ್ತು. ವೆಲ್ಡರನಿಗೆ ಎರಡು ಸಲ ಹೇಳಿದೆ. ಮಗಳು ಇಡೀ ದಿನ ಶೆಡ್ಡಿನ ಹಿಂಭಾಗದ ನೆರಳಿನಲ್ಲಿ ಕೂತು ಆಡಿದಳು. ಅಷ್ಟು ಹಗುರಾಗಿ ಅವಳು ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಹಬ್ಬದ ಸಂತೋಷ ಎಂದುಕೊಂಡೆ.

ದಸರೆ ರಜೆ ಮುಗಿಯುವ ಮೊದಲು ಅವಳ ಬಲಗಣ್ಣು ತೆರೆಯದಾಯಿತು. ಬೆಳಕು ಕಂಡರೆ ಮುಖವನ್ನು ಅಮ್ಮನ ಸೆರಗಿನೊಳಗೆ ಹುದುಗಿಸುತ್ತಿದ್ದಳು. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಕಣ್ಣಿಗೆ ಅರಿಶಿನ ಬಣ್ಣದ ಮದ್ದು ತಾಗಿಸಿ, ನೀಲಿ ಬೆಳಕು ಹಾಕಿ, ಮಿಷಿನ್ನಿನಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ಕೇಳಿದರು. ನಾನು ಒರೆಸಿ ಕೊಟ್ಟೆ. ಬೀಟೆ ಮರ ಎಂದು ಹೇಳಲು ನಾಲಿಗೆ ತುದಿಯವರೆಗೂ ಬಂದಿತ್ತು. ಅವರು ಡ್ರಾಯರಿನಿಂದ ಪೆನ್ನಿನಂಥ ಟಾರ್ಚ್ ತೆಗೆದು ರೂಮಿನ ಲೈಟ್ ಆರಿಸಿ, ಮಗಳ ಬಿಳಿ ಯೂನಿಫಾರ್ಮ್ ಶರ್ಟಿನ ಮೇಲೆ ಹಿಡಿದರು. ರಜೆಯಾದರೂ ಅವಳು ಹೊರಗೆ ಹೋಗುವುದೆಂದರೆ ಅದನ್ನೇ ಹಾಕುತ್ತಾಳೆ. ಶರ್ಟು ನೇರಳೆ ಬಣ್ಣದಲ್ಲಿ ಹೊಳೆಯಿತು.

"ಇದು ಯುವಿ ಲೈಟು. ಸೋಪಿನ ಪುಡಿಗೆ ಬಟ್ಟೆ ಹೀಗೆ ಹೊಳೆಯತ್ತೆ. ಈಗ ನೋಡಿ." ತಮ್ಮ ಮೇಜಿನ ಮೇಲಿದ್ದ ಬಣ್ಣವೇ ಇಲ್ಲದ ಕನ್ನಡಕವೊಂದನ್ನು ಅಡ್ಡ ಹಿಡಿದರು. ಹೊಳಪು ಹೋಯಿತು, ಶರ್ಟು ಕತ್ತಲಾಯಿತು. ಆಮೇಲೆ ನಮ್ಮದನ್ನು ಹಿಡಿದರು. ಅಷ್ಟು ಕಪ್ಪು ಗಾಜಿನ ಆಚೆ ಶರ್ಟು ಹಾಗೇ ಹೊಳೆಯುತ್ತಿತ್ತು.

ಲೈಟ್ ಹಾಕಿ ಅವರು ನಿಧಾನವಾಗಿ ಹೇಳಿದರು. "ಇದು ಬರೀ ಬಣ್ಣ ಹಾಕಿರೋ ಪ್ಲಾಸ್ಟಿಕ್ಕು. ಬೆಳಕು ತಡೆಯತ್ತೆ, ಯುವಿ ತಡೆಯಲ್ಲ. ಬರಿಗಣ್ಣಲ್ಲಿದ್ರೆ ಮಗು ಕಣ್ಣು ಕಿರಿದು ಮಾಡ್ಕೊಳ್ಳತ್ತೆ, ಅದೇ ಒಂದು ಕಾವಲು. ಈ ಕಪ್ಪಿನ ಹಿಂದೆ ಕಣ್ಣು ಅಗಲವಾಗಿ ತೆರ್ಕೊಳ್ಳತ್ತೆ, ಪಾಪೆನೂ ದೊಡ್ಡದಾಗತ್ತೆ. ಯುವಿ ಎಲ್ಲಾ ಒಳಗೆ. ಪಕ್ಕದಿಂದ ದೂಳು ಬೇರೆ. ಇದಕ್ಕಿಂತ ಏನೂ ಹಾಕದೆ ಇದ್ದಿದ್ರೇ ಚೆನ್ನಾಗಿತ್ತು."

ಇದಕ್ಕಿಂತ ಏನೂ ಹಾಕದೆ ಇದ್ದಿದ್ದರೇ ಚೆನ್ನಾಗಿತ್ತು. ಉರಿಯತ್ತಪ್ಪ ಎಂದು ತೆಗೆದವಳನ್ನು ಗದರಿಸಿ ಹಾಕಿಸಿದವನು ನಾನು. ಆಯುಧಪೂಜೆಯ ದಿನ ಕನ್ನಡಕ ಉಳಿಗಳ ನಡುವೆ ಯಾಕೆ ಬಂದಿತ್ತು ಎಂಬುದು ಆ ಕುರ್ಚಿಯ ಮೇಲೆ ಕೂತಾಗ ನನಗೆ ಅರ್ಥವಾಯಿತು. ಅಪ್ಪನಿಗೆ ಸಿಟ್ಟು ಬರದ ಹಾಗೆ ಒಂದು ದಿನ ಅದನ್ನು ಕಳಚಿಡಲು ಎಂಟು ವರ್ಷದ ಮಗು ಹುಡುಕಿಕೊಂಡ ದಾರಿ ಅದು. ನಾನು ಅದನ್ನು ಊರಿಗೆಲ್ಲ ಹೇಳಿಕೊಂಡು ಬೀಗಿದ್ದೆ.

ಡಾಕ್ಟರು ಮುಂದುವರಿಸಿದರು. ಕರಿಗುಡ್ಡೆಯ ಮೇಲ್ಭಾಗದಲ್ಲಿ ಗಾಯವಾಗಿದೆ, ಅದು ಹೊಸದೋ ಹಳೆಯದೋ ಎಂಬುದರ ಮೇಲೆ ಮುಂದಿನ ಔಷಧಿ. ಅವರು ನನ್ನನ್ನು ಬಿಟ್ಟು ಮಗಳನ್ನೇ ಕೇಳಿದರು. "ಮೊದ್ಲಿಂದ ಉರಿ, ನೋವು ಇತ್ತಾ ಪುಟ್ಟಾ? ಮನೇಲಿ ಹೇಳಿರ್ಲಿಲ್ವಾ?"

ಮಗಳು ಒಂದು ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ತಿರುಗಿದಳು. ಆಮೇಲೆ ಡಾಕ್ಟರ ಕಡೆ.

"ಇಲ್ಲ ಆಂಟಿ. ಏನೂ ಆಗ್ತಿರ್ಲಿಲ್ಲ. ಅಪ್ಪ ಕೇಳ್ತಾನೇ ಇದ್ರು. ನಾನೇ ಹೇಳ್ಲಿಲ್ಲ. ನಿನ್ನೆಯಿಂದ ಅಷ್ಟೇ."

ಮನೆಯಲ್ಲಿ ನನ್ನನ್ನು ನೀನು ಎನ್ನುವ ಹುಡುಗಿ ಅವಳು. ಡಾಕ್ಟರ ಮುಂದೆ ನನಗೆ ಬಹುವಚನ ಕೊಟ್ಟಳು. ಡಾಕ್ಟರು ಚೀಟಿಯ ಮೇಲೆ ಏನೋ ಬರೆದುಕೊಳ್ಳತೊಡಗಿದರು. ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದರೆ, ಅವರು ಒಂದು ಸಾಲು ಮುಗಿಸಿ ಎರಡನೆಯದಕ್ಕೆ ಹೋಗುವಷ್ಟು ಹೊತ್ತು. ಆ ಒಂದು ಸಾಲಿನ ಹೊತ್ತು ನನ್ನ ಮರ್ಯಾದೆ ಉಳಿಯಿತಲ್ಲ ಎಂಬ ಸಮಾಧಾನ ನನ್ನೊಳಗೆ ಇತ್ತು. ಅದನ್ನು ನಾನು ಮರೆತಿಲ್ಲ, ಮರೆಯಬಾರದು ಕೂಡ.

"ಮೇಡಂ, ಅದನ್ನ ಬರೀಬೇಡಿ," ಎಂದೆ. "ಅವಳು ಹೇಳಿದ್ಲು. ಜುಲೈಯಿಂದ ಹೇಳ್ತಿದ್ಲು. ಎರಡು ಸಲ ಬಾಯ್ಬಿಟ್ಟು ಹೇಳಿದ್ಲು. ನಾನು ಕೇಳ್ಲಿಲ್ಲ. ಬೈದೆ."

ಡಾಕ್ಟರು ಪೆನ್ನು ಎತ್ತಿ ನನ್ನನ್ನು ನೋಡಿದರು. ಬರೆದ ಸಾಲು ಹೊಡೆದು ಹಾಕಿ ಬೇರೆ ಔಷಧಿ ಬರೆದರು, ವಾರಕ್ಕೊಮ್ಮೆ ತಪ್ಪದೆ ಬರಬೇಕೆಂದರು. ಮಗಳು ತಲೆ ತಗ್ಗಿಸಿ ಕೂತಿದ್ದಳು. ನನಗಾಗಿ ತಾನು ಕಟ್ಟಿದ ಸುಳ್ಳನ್ನು ನಾನು ಕೆಡವಿದೆ ಎಂದು ಅವಳಿಗೆ ಬೇಜಾರಾಗಿತ್ತು ಎಂದು ಈಗಲೂ ಅನಿಸುತ್ತದೆ.

ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಮಾಯ್ದ ಜಾಗದಲ್ಲಿ ಸಣ್ಣದೊಂದು ಮಚ್ಚೆ ಉಳಿದಿದೆ. ಬಲಗಣ್ಣಿನಲ್ಲಿ ಕಣ್ಣು ಪರೀಕ್ಷೆಯ ಬೋರ್ಡಿನ ಕೊನೆಯ ಎರಡು ಸಾಲು ಅವಳಿಗೆ ಕಾಣುವುದಿಲ್ಲ, ಇನ್ನು ಕಾಣುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇಷ್ಟರಲ್ಲೇ ಮುಗಿದದ್ದು ಪುಣ್ಯ ಎಂದೂ ಹೇಳಿದ್ದಾರೆ. ಅದು ಯಾರ ಪುಣ್ಯವೋ ನನಗೆ ಗೊತ್ತಿಲ್ಲ, ನನ್ನದಂತೂ ಅಲ್ಲ.

ಹೊಸ ಕನ್ನಡಕದ ಆಯ್ಕೆಯಲ್ಲಿ ನಾನು ಬಾಯಿ ಹಾಕಲಿಲ್ಲ. ಮೊದಲು ಲೆನ್ಸ್, ಆಮೇಲೆ ಫ್ರೇಮು ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಕನ್ನಡಕದಂಗಡಿಯಲ್ಲಿ ನೇರಳೆ ಟಾರ್ಚಿನಲ್ಲಿ ಪರೀಕ್ಷಿಸಿದ ಐದಾರನ್ನು ಟ್ರೇಯಲ್ಲಿ ಇಟ್ಟರು. ಮಗಳು ಒಂದೊಂದನ್ನೇ ಹಾಕಿಕೊಂಡು ಬಾಗಿಲಾಚೆ ಬಿಸಿಲಿಗೆ ಹೋಗಿ ಬಂದಳು. ಕೊನೆಗೆ ಅವಳು ಹಿಡಿದುಕೊಂಡದ್ದು ಪ್ಲೈ ಥರ ಪದರ ಅಂಟಿಸಿದ ಮರದ ಫ್ರೇಮು, ಪಕ್ಕಗಳೆರಡೂ ಮುಚ್ಚುವಂಥದ್ದು, ತೆಳು ಬೂದು ಗಾಜು. ಕೆಲಸ ಸಾಧಾರಣ. ಮರದ್ದೇ ಆಗಬೇಕೆಂದೇನೂ ಇಲ್ಲ ಪುಟ್ಟಿ ಎಂದೆ. ಇದೇ ಸಾಕು ಎಂದಳು.

"ಉರಿಯುತ್ತಾ?"

"ಇಲ್ಲ."

"ಒತ್ತುತ್ತಾ ಎಲ್ಲಾದ್ರೂ?"

"ಇಲ್ಲಪ್ಪ. ಚೆನ್ನಾಗಿದೆ."

ಬೇಕಾದ್ದಕ್ಕಿಂತ ಬೇಗ ಹೇಳಿದಳು. ಡಾಕ್ಟರ ಮುಂದೆ ಇಲ್ಲ ಎಂದದ್ದೂ ಅದೇ ದನಿಯಲ್ಲಿ. ಆಮೇಲೆ ದಿನಾ ಸಂಜೆ ಕೇಳುತ್ತಿದ್ದೆ. ದಿನಾ ಇಲ್ಲ ಎನ್ನುತ್ತಿದ್ದಳು. ನನ್ನ ಮಗಳು ನಿಜ ಹೇಳುತ್ತಿದ್ದಾಳೋ ನನ್ನನ್ನು ಕಾಪಾಡುತ್ತಿದ್ದಾಳೋ ಗೊತ್ತಾಗುತ್ತಿರಲಿಲ್ಲ. ಹಾಗೆ ಗೊತ್ತಾಗದಂತೆ ಅವಳನ್ನು ತಿದ್ದಿದವನು ನಾನೇ. ಡಾಕ್ಟರು ಪ್ರತಿ ಸಲ ಕಣ್ಣು ನೋಡಿ ಸರಿಯಿದೆ ಎಂದ ಮೇಲಷ್ಟೇ ಎರಡು ದಿನ ನೆಮ್ಮದಿ. ಮೂರನೇ ದಿನ ಮತ್ತೆ ಅದೇ ಅನುಮಾನ. ಹೆಂಡತಿ, "ಕೇಳಿ ಕೇಳಿ ಅವಳ ತಲೆ ತಿನ್ಬೇಡಿ, ಬಾಯಿಗೆ ಬಂದಾಗ ಹೇಳ್ತಾಳೆ," ಎಂದಳು. ಈ ಸಲ ಅವಳ ಮಾತು ಕಿವಿಗೆ ಹಾಕಿಕೊಂಡೆ. ಕೇಳುವುದು ಬಿಟ್ಟೆ. ಬಿಟ್ಟು ಕಾಯುವುದು ಕೇಳುವುದಕ್ಕಿಂತ ಕಷ್ಟವಾಗಿತ್ತು.

ಶಿವರಾತ್ರಿ ಕಳೆದಿತ್ತು, ಬಿಸಿಲು ಏರತೊಡಗಿತ್ತು. ಒಂದು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ನೇರ ಶೆಡ್ಡಿಗೆ ಬಂದಳು. ನಾನು ವಾಲ್ವ್ ಪ್ಯಾಟರ್ನೊಂದನ್ನು ಮಿಷಿನ್ನಿಗೆ ಹಿಡಿದು ಉಜ್ಜುತ್ತಿದ್ದೆ. ಅವಳು ಬ್ಯಾಗು ಇಳಿಸದೆ ಮೇಜಿನ ಆ ಕಡೆ ನಿಂತಳು.

"ಅಪ್ಪ, ಬೈಯಲ್ಲ ಅಂದ್ರೆ ಒಂದು ಹೇಳ್ಲಾ?"

ಮಿಷಿನ್ ಆಫ್ ಮಾಡಿದೆ. ಪಕ್ಕದ ಗ್ರೈಂಡರ್ ಸದ್ದು ಬೇರೆ ಇತ್ತು, ಮೇಜು ಸುತ್ತಿ ಅವಳ ಹತ್ತಿರ ಬಂದು ಕೂತೆ. ಹೇಳು ಎಂದು ತಲೆಯಾಡಿಸಿದೆ.

"ಇಲ್ಲಿ ಮೂಗಿನ ಹತ್ರ ಚುಚ್ಚುತ್ತೆ."

ಬೆರಳು ಇಟ್ಟು ತೋರಿಸಿದಳು. ಸವರಿ ನೋಡಿದೆ. ಅಂಚಿನ ಪದರವೊಂದು ಎದ್ದಿತ್ತು, ಅಕ್ಕಿಕಾಳಿನಷ್ಟೂ ಇಲ್ಲ. ನನ್ನ ಕಣ್ಣು ತುಂಬಿತು. ಅವಳು ಅದನ್ನು ನೋಡಿದಳು, ಮರದ ಪುಡಿ ಬಿದ್ದಿರಬೇಕೆಂದುಕೊಂಡಳೋ ಏನೋ. ನಯವಾದ ಎಮ್ರಿ ಪೇಪರಿನ ಚೂರು ಹರಿದು, ಆ ಜಾಗ ಉಜ್ಜಿ, ಊದಿ, ಕೈಗೆ ಕೊಟ್ಟೆ. ಹಾಕಿಕೊಂಡು ತಲೆ ಆ ಕಡೆ ಈ ಕಡೆ ತಿರುಗಿಸಿ, "ಇನ್ನೂ ಚುಚ್ಚುತ್ತೆ," ಎಂದಳು. ಮತ್ತೆ ಉಜ್ಜಿದೆ. "ಈಗ ಕಡಿಮೆ, ಆದ್ರೂ ಇದೆ." ಮತ್ತೆ ಉಜ್ಜಿದೆ. ಬೆರಳಿಗೆ ನನಗೆ ಇನ್ನೇನೂ ತಾಗುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಎರಡನೇ ಸಲಕ್ಕೇ ಮುಗಿದಿತ್ತು. ಅವಳು ಕನ್ನಡಕ ಬಿಚ್ಚಿ ನಾಲ್ಕನೇ ಸಲ ನನ್ನ ಕೈಗಿಟ್ಟು, "ಇಲ್ಲಪ್ಪ, ಸರಿಯಾಗಿ ಮಾಡು," ಎಂದಳು. ಮಾಡಿದೆ.